ನಾಲ್ಕು ಜನ ಸೇರದೆ ನಿಧನವಾರ್ತೆ ಇಲ್ಲ

ನಾನು ಹಳೆಯ ಬಾಗಿಲುಗಳ ವ್ಯಾಪಾರಿ. ಕೆಡವುವ ಮನೆಗಳಿಂದ ಕೊಂಡು ಕಟ್ಟುವ ಮನೆಗಳಿಗೆ ಮಾರುತ್ತೇನೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಮೇಲೆ, ಮನುಷ್ಯರನ್ನು ಕಂಡರೂ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ನೋಡಬೇಕೆನಿಸುತ್ತದೆ. ಜನನ ಮರಣ ಕಚೇರಿಯ ಮೇಜಿನ ಹಿಂದೆ ಕೂತಿದ್ದ ಆಕೆಯನ್ನು ನೋಡಿದ ಕೂಡಲೇ ಅಂದಾಜು ಹಾಕಿದೆ: ಗಟ್ಟಿ ತೇಗ, ಐವತ್ತು ದಾಟಿದ್ದು, ಗೆದ್ದಲಿಲ್ಲ, ಬಿರುಕಿಲ್ಲ, ಆದರೆ ಒಳಗಿನಿಂದ ಅಗುಳಿ ಹಾಕಿದೆ. ಇಂಥ ಬಾಗಿಲು ತಳ್ಳಿದರೆ ತೆರೆಯುವುದಿಲ್ಲ. ನಾನು ಮುಕ್ಕಾಲು ಗಂಟೆಯಿಂದ ತಳ್ಳುತ್ತಿದ್ದೆ.

ದಾಖಲೆಯಮ್ಮ: ಇಲ್ಲ ಅಂದ್ರೆ ಇಲ್ಲ. ನಿಮ್ಮ ಚಿಕ್ಕಪ್ಪ ನಮ್ಮಲ್ಲಿ ಸತ್ತಿಲ್ಲ.

ನಾನು: ಅಮ್ಮಾ, ಸತ್ತಿದ್ದಾರೆ. ಪೇಪರಲ್ಲೇ ಬಂದಿದೆ.

ದಾಖಲೆಯಮ್ಮ: ಪೇಪರಲ್ಲಿ ಸತ್ತರೆ ಸಾಲದು. ನನ್ನ ಪುಸ್ತಕದಲ್ಲೂ ಸಾಯಬೇಕು.

ನಾನು: ಇನ್ನೊಂದ್ಸಲ ನೋಡಿ. ಎರಡು ಪುಟ ಅಂಟಿಕೊಂಡಿರಬಹುದು.

ದಾಖಲೆಯಮ್ಮ: ಅಂಟಿಕೊಳ್ಳೋಕೆ ಎರಡು ಪುಟ ಬೇಕಲ್ಲ. ಹೋದ ಮೂರು ವರ್ಷ ಪೂರ್ತಿ ಒಂದೇ ಪುಟದಲ್ಲಿದೆ. ಆರು ಜನ. ಆರು ಜನಾನೂ ನನಗೆ ಗೊತ್ತು. ಒಬ್ಬರು ನಮ್ಮಮ್ಮ.

ಆ ಜಿಲ್ಲೆ ಅಗಲವೋ ಅಗಲ. ಜನ ಮಾತ್ರ ಎಣಿಸಿ ಇಟ್ಟಂತೆ. ನಾನು ಬಂದ ಬಸ್ಸಿನಲ್ಲಿ ನನ್ನನ್ನು ಬಿಟ್ಟರೆ ಇದ್ದದ್ದು ಚಾಲಕ ಮತ್ತು ಒಂದು ಹೊಲಿಗೆ ಯಂತ್ರ. ಯಂತ್ರ ನನಗಿಂತ ಮೊದಲೇ ಇಳಿದುಹೋಯಿತು. ಕಚೇರಿಯೂ ಅಷ್ಟೇ: ಒಂದು ಮೇಜು, ಒಂದು ಕಪಾಟು, ನಿಂತುಹೋದ ಒಂದು ಗೋಡೆ ಗಡಿಯಾರ. ಕೋಣೆಯ ನಡುವೆ ಎದೆಯೆತ್ತರದ ಹಲಗೆಯ ಅಡ್ಡಗೋಡೆ. ಹಲಗೆ ಒಳ್ಳೆಯದಿತ್ತು, ಬಂದ ಕೂಡಲೇ ಗಮನಿಸಿದ್ದೆ. ಆಕೆಯನ್ನು ಎಲ್ಲರೂ ದಾಖಲೆಯಮ್ಮ ಎನ್ನುತ್ತಾರೆಂದು ಬಸ್ಸಿನ ಚಾಲಕನೇ ಹೇಳಿದ್ದ.

ನಾನು: ಅವರು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ರು. ಈಗಲಾದ್ರೂ ನೆನಪಾಯ್ತಾ?

ದಾಖಲೆಯಮ್ಮ: ಲೆಕ್ಕದ ಮೇಷ್ಟ್ರು ಯಾರೂ ಇಲ್ಲ. ಡ್ರಾಯಿಂಗ್ ಮೇಷ್ಟ್ರು ಒಬ್ಬರಿದ್ದಾರೆ. ಕೊಡಲಾ?

ನಾನು: ಡ್ರಾಯಿಂಗ್ ಮೇಷ್ಟ್ರನ್ನ ಇಟ್ಕೊಂಡು ನಾನೇನಮ್ಮಾ ಮಾಡ್ಲಿ?

ದಾಖಲೆಯಮ್ಮ: ನಿಮ್ಮವರು ಸತ್ತಿದ್ದಾರೆ ಅಂತ ಯಾರು ಬಂದು ವರದಿ ಕೊಟ್ಟರು?

ನಾನು: ಯಾರೂ ಕೊಟ್ಟಿಲ್ಲ ಅಂತ ಕಾಣುತ್ತೆ. ಅವರಿಗೆ ಹೆಂಡತಿ ಮಕ್ಕಳಿಲ್ಲ. ಹತ್ತಿರದವನು ಅಂದ್ರೆ ನಾನೊಬ್ಬನೇ.

ದಾಖಲೆಯಮ್ಮ: ಹತ್ತಿರದವರು ಅವರನ್ನ ನೋಡಿದ್ದು ಯಾವಾಗ?

ನಾನು: ಹನ್ನೊಂದು ವರ್ಷದ ಹಿಂದೆ.

ದಾಖಲೆಯಮ್ಮ: ಇದು ಹತ್ತಿರ. ಸರಿ. ದೂರದವರು ಯಾರಾದ್ರೂ ಇದ್ರೆ ಹೇಳಿ, ಅವರನ್ನ ಕೇಳೋಣ.

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚಿಕ್ಕಪ್ಪನ ಮನೆಗೆ ಒಂದು ಮುಂಬಾಗಿಲು ಇದೆ. ಎರಡು ಕದ, ಒಂದೊಂದೂ ಒಂದೇ ಹಲಗೆಯದು. ಅಂಥ ಮರ ಈಗ ಹುಡುಕಿದರೂ ಸಿಗುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಅದನ್ನು ಕೊಡಿ ಎಂದು ಕೇಳಿದ್ದೆ.

ನಾನು: 'ನಾನು ಸತ್ತ ಮೇಲೆ ತಗೋ' ಅಂದ್ರು. 'ಅಂದಾಜು ಯಾವಾಗ?' ಅಂತ ಕೇಳಿದೆ. ವ್ಯಾಪಾರದ ಅಭ್ಯಾಸ ನೋಡಿ, ಬಾಯಿಗೆ ಬಂದುಬಿಡ್ತು. ಅಲ್ಲಿಂದ ಮಾತಿಲ್ಲ.

ದಾಖಲೆಯಮ್ಮ: ಸತ್ತಿದ್ದು ಗೊತ್ತಾಗಿದ್ದು ಹೇಗೆ?

ನಾನು: ಆರು ತಿಂಗಳ ಹಿಂದೆ ಅಂಗಡಿಗೆ ಒಂದು ಪೊಟ್ಟಣ ಬಂತು. ಒಳಗೆ ನಾಲ್ಕು ಹಳೇ ಹಿತ್ತಾಳೆ ಕೀಲು, ಬಾಗಿಲಿನವು. ಕಳಿಸಿದವರ ಹೆಸರಿಲ್ಲ. ಸುತ್ತಿದ್ದ ಪೇಪರ್ ಬಿಡಿಸಿದ್ರೆ ಚಿಕ್ಕಪ್ಪನ ಫೋಟೋ, ಸುತ್ತ ಕಪ್ಪು ಗೆರೆ. ಎರಡು ವರ್ಷದ ಹಿಂದಿನ ತಾರೀಕು.

ದಾಖಲೆಯಮ್ಮ: ಪಾಪ. ಎಷ್ಟು ಅತ್ರಿ?

ನಾನು: ಅಳುವಷ್ಟು ಅತ್ತೆ.

ದಾಖಲೆಯಮ್ಮ: ಆಮೇಲೆ?

ನಾನು: ಆಮೇಲೆ ಬಾಗಿಲು ನೆನಪಾಯ್ತು.

ಆಕೆ ಕನ್ನಡಕದ ಮೇಲಿನಿಂದ ನೋಡಿದರು. ನಾನು ಕೆಳಗೆ ನೋಡಿದೆ. ಮರಣ ದಾಖಲೆ ಸಿಕ್ಕರೆ ಮನೆ ನನ್ನ ಹೆಸರಿಗೆ ಆಗುತ್ತದೆ, ಮನೆಯಾದರೆ ಬಾಗಿಲೂ ಆಗುತ್ತದೆ, ಅದನ್ನು ನೋಡಲು ಗಿರಾಕಿ ನಾಡಿದ್ದು ಬರುತ್ತಿದ್ದಾನೆ ಎಂಬುದನ್ನು ನೆಲಕ್ಕೇ ಹೇಳಿದೆ. ಪೇಪರಿನ ತುಂಡನ್ನು ಮೇಜಿನ ಮೇಲೆ ಹರವಿದೆ.

ದಾಖಲೆಯಮ್ಮ: ಇಷ್ಟು ಮೀಸೆ ಇರೋ ಗಂಡಸು ಈ ಜಿಲ್ಲೆಯಲ್ಲಿ ಇಲ್ಲ. ಇದ್ದಿದ್ರೆ ದೂರದಿಂದಲೇ ಕಾಣಿಸ್ತಿದ್ದ. ಇದು ಆಚೆಯವರ ಪೇಪರ್ರು. ಆಚೆಯವರನ್ನೇ ಕೇಳಿ.

ನಾನು: ಆಚೆಯವರು ಅಂದ್ರೆ? ನೀವು ನೋಡಿರಲಿಲ್ವಾ ಇದನ್ನ?

ದಾಖಲೆಯಮ್ಮ: ಗಂಡನ ಪೇಪರ್ ನಾನು ಓದಲ್ಲ. ದಿನಾ ಕೇಳ್ತೀನಲ್ಲ, ಅಷ್ಟು ಸಾಕು.

ಹಲಗೆಯ ಅಡ್ಡಗೋಡೆಯ ಆ ಬದಿಯಿಂದ ಒಂದು ಬೋಳುತಲೆ ಮೇಲೆದ್ದಿತು. ಅರ್ಧ ಕೋಣೆ ಸರ್ಕಾರದ್ದು, ಉಳಿದರ್ಧ ಜಿಲ್ಲೆಯ ಏಕೈಕ ವಾರಪತ್ರಿಕೆಯದ್ದು. ಬೋಳುತಲೆ ಸಂಪಾದಕರದ್ದು.

ಸಂಪಾದಕರು: ಕರೆದ್ರಾ?

ದಾಖಲೆಯಮ್ಮ: ನಾನು ಕರೀಲಿಲ್ಲ ಅಂತ ಅವರಿಗೆ ಹೇಳಿ.

ನಾನು: ಅವರು ಕರೀಲಿಲ್ವಂತೆ.

ಸಂಪಾದಕರು: ಕೇಳಿಸ್ತು ಅಂತ ಅವರಿಗೆ ಹೇಳಿ.

ನಾನು: ಇಬ್ಬರ ಕಿವೀನೂ ಚೆನ್ನಾಗಿದೆಯಲ್ಲ ಸ್ವಾಮಿ, ಮಧ್ಯೆ ನಾನ್ಯಾಕೆ?

ಸಂಪಾದಕರು: ಹದಿನಾಲ್ಕು ತಿಂಗಳಿಂದ ಕಚೇರಿ ವೇಳೆಯಲ್ಲಿ ನಮ್ಮಿಬ್ಬರಿಗೆ ಮಾತಿಲ್ಲ.

ನಾನು: ಮನೆಯಲ್ಲಿ?

ದಾಖಲೆಯಮ್ಮ: ಮನೆಯಲ್ಲಿ ಮಾತಾಡದೆ ಇರೋಕಾಗುತ್ತಾ? ಬೈಯೋದು ಯಾವಾಗ ಮತ್ತೆ?

ಸಂಪಾದಕರು ಪೇಪರಿನ ತುಂಡನ್ನು ಅಡ್ಡಗೋಡೆಯ ಮೇಲಿನಿಂದ ತೆಗೆದುಕೊಂಡು, ಹೆತ್ತ ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದರು.

ಸಂಪಾದಕರು: ನಮ್ಮದೇ. ಗೆರೆ ಎಷ್ಟು ಚೆನ್ನಾಗಿ ಬಂದಿದೆ ನೋಡಿ.

ನಾನು: ಹಾಗಾದ್ರೆ ಇವರು ಸತ್ತಿರೋದು ನಿಜ ತಾನೇ?

ಸಂಪಾದಕರು: ಅಚ್ಚಿನ ಮಟ್ಟಿಗೆ ನಿಜ.

ನಾನು: ಅಚ್ಚಿನ ಮಟ್ಟಿಗೆ ಅಂದ್ರೆ ಏನು? ಸತ್ತಿದಾರಾ, ಇಲ್ವಾ?

ಸಂಪಾದಕರು: ಅವಸರ ಮಾಡಬೇಡಿ. ಮೊದಲು ಇದನ್ನ ನೋಡಿ.

ಆ ಬದಿಯಿಂದ ಭಾರವಾದ ಕಬ್ಬಿಣದ ಚೌಕಟ್ಟೊಂದನ್ನು ಎತ್ತಿ ತೋರಿಸಿದರು. ಪುಟದಲ್ಲಿ ಕಪ್ಪು ಗೆರೆ ಮೂಡಿಸುವ ಅಚ್ಚು. ಒಳಗೆ ನಾಲ್ಕು ಕಿಟಕಿ. ಅಭ್ಯಾಸಬಲದಿಂದ ಬಡಿದು ನೋಡಿದೆ. ಗಟ್ಟಿ ಮಾಲು, ಯಾರೂ ಕೊಳ್ಳುವುದಿಲ್ಲ.

ಸಂಪಾದಕರು: ನಮ್ಮ ತಾತನ ಕಾಲದ್ದು. ನಾಲ್ಕು ಜನ ಸೇರದೆ ನಮ್ಮಲ್ಲಿ ನಿಧನವಾರ್ತೆ ಹೋಗಲ್ಲ.

ನಾನು: ಮೂರೇ ಜನ ಇದ್ರೆ?

ಸಂಪಾದಕರು: ಕಾಯ್ತಾರೆ. ಅವರಿಗೇನು ಕೆಲಸ?

ದಾಖಲೆಯಮ್ಮ: ನಮ್ಮಮ್ಮ ಹದಿನಾಲ್ಕು ತಿಂಗಳಿಂದ ಕಾಯ್ತಿದಾಳೆ ಅಂತ ಹೇಳಿ ಅವರಿಗೆ. ಬದುಕಿದ್ದಾಗ ಬಸ್ಸಿಗೂ ಕಾದವಳಲ್ಲ.

ಸಂಪಾದಕರು: ಬಸ್ಸೇ ಅವರಿಗೆ ಕಾಯ್ತಿತ್ತು ಅಂತ ಹೇಳಿ.

ನಾನು: ಒಂದು ಕಿಟಕಿ ಖಾಲಿ ಬಿಟ್ಟರೆ ಏನು ಗಂಟು ಹೋಗುತ್ತೆ?

ಸಂಪಾದಕರು: ನಮ್ಮ ಅಪ್ಪ ಬಿಟ್ಟಿದ್ರು ಒಂದ್ಸಲ. ಆ ವಾರ ಜಿಲ್ಲೆಯ ಮುದುಕರೆಲ್ಲ, ಅದು ತಮಗೇ ಹಿಡಿದಿಟ್ಟ ಜಾಗ ಅಂದ್ಕೊಂಡು ಡಾಕ್ಟರ ಮನೆ ಮುಂದೆ ಸಾಲಾಗಿ ನಿಂತುಬಿಟ್ರು. ಡಾಕ್ಟರೇ ಬಂದು ಬೇಡ್ಕೊಂಡ್ರು, ಇನ್ನೊಂದ್ಸಲ ಹೀಗೆ ಮಾಡಬೇಡಿ ಅಂತ.

ನಾನು: ಜಾಹೀರಾತು ಹಾಕಿ.

ಸಂಪಾದಕರು: ಅದೂ ಆಯ್ತು. ಹಾಸಿಗೆ ಅಂಗಡಿಯವನು ಕೊಟ್ಟಿದ್ದ. 'ಒಮ್ಮೆ ಮಲಗಿ ನೋಡಿ, ಏಳುವ ಮನಸ್ಸೇ ಬಾರದು.' ಮೂರೂ ಮನೆಯವರು ದೊಣ್ಣೆ ಹಿಡ್ಕೊಂಡು ಬಂದ್ರು.

ನಾನು: ಮೂರು ಕಿಟಕಿದು ಹೊಸ ಅಚ್ಚು ಮಾಡಿಸಿ ಸ್ವಾಮಿ!

ಸಂಪಾದಕರು: ಮೂರಾದ್ರೆ ಮೇಲೊಂದು, ಕೆಳಗೆರಡು. ಮೇಲೆ ಯಾರು? ಸತ್ತವರು ಸುಮ್ಮನಿರ್ತಾರೆ. ಅವರ ಸೊಸೆಯಂದಿರು ಇರ್ತಾರಾ?

ಬಾಗಿಲ ವ್ಯಾಪಾರದಲ್ಲಿ ಇಷ್ಟು ಯೋಚನೆ ಮಾಡುವ ಪ್ರಸಂಗ ಬರುವುದಿಲ್ಲ.

ಸಂಪಾದಕರು: ಎರಡು ವರ್ಷದ ಹಿಂದೆ ಹೀಗೇ ಮೂರು ಜನ ಕೂತಿದ್ರು. ಬೇಕರಿಯವನ ತಾಯಿ, ದನದ ಡಾಕ್ಟ್ರು, ಡ್ರಾಯಿಂಗ್ ಮೇಷ್ಟ್ರು. ಮೇಷ್ಟ್ರ ಹೆಂಡತಿ ವಾರವಾರ ಬಂದು, 'ಈ ವಾರ ಬರುತ್ತಾ?' ಅಂತ ಕೇಳಿ, ಕಣ್ಣೊರೆಸಿಕೊಂಡು ಹೋಗೋರು. ಒಂದು ದಿನ ಗಡಿಯಾರಕ್ಕೆ ಚಾವಿ ಕೊಡೋಕೆ ಬಂದವರು ಅದನ್ನ ನೋಡಿದ್ರು. 'ಎಷ್ಟು ಜನ ಕಡಿಮೆ?' ಅಂದ್ರು. 'ಒಬ್ಬರು' ಅಂದೆ. 'ಅಷ್ಟೇ ತಾನೇ? ನನ್ನನ್ನ ಹಾಕು' ಅಂದ್ರು.

ನಾನು: ಯಾರು ಹಾಗಂದಿದ್ದು?

ದಾಖಲೆಯಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. ಪೇಪರಿನ ತುಂಡನ್ನು ಗಂಡನ ಕೈಯಿಂದ ಕಿತ್ತುಕೊಂಡು ಮೂಗಿಗೆ ಹಿಡಿದರು.

ದಾಖಲೆಯಮ್ಮ: ರೀ! ಈ ಮೀಸೆ ನಮ್ಮ ಗಡಿಯಾರದಜ್ಜಂದಾ?

ಸಂಪಾದಕರು: ಇಪ್ಪತ್ತೈದರ ಪ್ರಾಯದ ಫೋಟೋ ಕಣೇ. ಅದು ಬಿಟ್ಟರೆ ಬೇರೆ ಇರಲಿಲ್ವಂತೆ.

ದಾಖಲೆಯಮ್ಮ: ನನಗ್ಯಾಕೆ ಹೇಳ್ಲಿಲ್ಲ?

ಸಂಪಾದಕರು: ಹೇಳಿದ್ರೆ ನೀನು ಪುಸ್ತಕದಲ್ಲಿ ಬರ್ಕೊಂಡುಬಿಡ್ತೀಯ. ಪೇಪರಲ್ಲಿ ಸತ್ತವರು ಓಡಾಡಬಹುದು. ನಿನ್ನ ಪುಸ್ತಕದಲ್ಲಿ ಸತ್ತವರಿಗೆ ಪಿಂಚಣಿಯೂ ಇಲ್ಲ.

ಹದಿನಾಲ್ಕು ತಿಂಗಳ ಮೌನ ಮುರಿದದ್ದು ಇಬ್ಬರಿಗೂ ಆಗ ಗಮನಕ್ಕೆ ಬಂತು. ಆಕೆ ಥಟ್ಟನೆ ನನ್ನ ಕಡೆ ತಿರುಗಿದರು, ತಪ್ಪು ನನ್ನದೇ ಎಂಬಂತೆ.

ದಾಖಲೆಯಮ್ಮ: ನಿಮ್ಮ ಚಿಕ್ಕಪ್ಪನಿಗೆ ಏನೂ ಆಗಿಲ್ಲ ಕಣ್ರೀ. ಲೆಕ್ಕದ ಮೇಷ್ಟ್ರು ಅಂದ್ರೆ ನನಗೇನು ಗೊತ್ತು? ನಮಗೆಲ್ಲ ಅವರು ಗಡಿಯಾರದಜ್ಜ. ರಿಟೈರ್ ಆದ ಮೇಲೆ ಜಿಲ್ಲೆಯ ಗಡಿಯಾರಕ್ಕೆಲ್ಲ ಚಾವಿ ಕೊಟ್ಕೊಂಡು ಓಡಾಡ್ತಾರೆ. ಇವತ್ತು ಸೋಮವಾರ. ನಮ್ಮ ಸರದಿ.

ಹೊರಗೆ ಸೈಕಲ್ಲು ನಿಲ್ಲಿಸಿದ ಸದ್ದಾಯಿತು.

ಒಳಗೆ ಬಂದ ಮುದುಕರಿಗೆ ಮೀಸೆ ಇರಲಿಲ್ಲ. ಕೊರಳಿನ ದಾರದಲ್ಲಿ ಒಂದು ಗೊಂಚಲು ಚಾವಿ. ಯಾರನ್ನೂ ನೋಡದೆ ಸ್ಟೂಲು ಎಳೆದುಕೊಂಡು ಹತ್ತಿ, ಗಡಿಯಾರದ ಗಾಜು ತೆರೆದರು. ನನಗೆ ಬೆನ್ನು ಹಾಕಿಯೇ ಕೇಳಿದರು.

ಚಿಕ್ಕಪ್ಪ: ಬಾಗಿಲಿಗೆ ಬಂದ್ಯಾ, ನನಗೆ ಬಂದ್ಯಾ?

ನಾನು: ಚಿಕ್ಕಪ್ಪಾ... ನೀವು ಸತ್ತಿದ್ದೀರಿ ಅಂತ...

ಚಿಕ್ಕಪ್ಪ: ಹೂಂ, ಎರಡು ವರ್ಷ ಆಯ್ತು. ಕೀಲು ಬಂದು ಸೇರ್ತಾ?

ನಾನು: ಕೀಲು ಕಳಿಸಿದ್ದು ನೀವಾ?

ಚಿಕ್ಕಪ್ಪ: ಮತ್ತೆ ಯಾರು? ಆ ಬಾಗಿಲಿಗೆ ಹೊಸದು ಹಾಕಿಸಿದೆ. ಹಳೇವನ್ನ ಅದೇ ಪೇಪರಲ್ಲಿ ಸುತ್ತಿ ಕಳಿಸಿದೆ. ಬದುಕಿದ್ದಾಗಂತೂ ಬರ್ಲಿಲ್ಲ, ಸತ್ತ ಮೇಲಾದ್ರೂ ಓಡಿ ಬರ್ತಾನೆ ಅಂದ್ಕೊಂಡೆ. ಆರು ತಿಂಗಳು ತಗೊಂಡೆಯಲ್ಲೋ!

ನಾನು: ಸೀಸನ್ ಇತ್ತು ಚಿಕ್ಕಪ್ಪ.

ಚಿಕ್ಕಪ್ಪ: ಹಾಗಾದ್ರೆ ನಾನೇ ತಪ್ಪು ಸೀಸನ್ನಲ್ಲಿ ಸತ್ತೆ.

ನಾನು: ಹಾಗಲ್ಲ. ನಾನು ಅತ್ತೆ. ಇವರನ್ನೇ ಕೇಳಿ ಬೇಕಾದ್ರೆ.

ಚಿಕ್ಕಪ್ಪ: ಎಷ್ಟು ಅತ್ತನಂತಮ್ಮಾ?

ದಾಖಲೆಯಮ್ಮ: ಅಳುವಷ್ಟು.

ಚಿಕ್ಕಪ್ಪ: ಲೆಕ್ಕದ ಮೇಷ್ಟ್ರ ಮುಂದೆ ಇಂಥ ಉತ್ತರ ಹೇಳಿದ್ರೆ ಕಿವಿ ಹಿಂಡ್ತೀನಿ.

ಗಡಿಯಾರ ಟಿಕ್ ಎಂದು ಓಡತೊಡಗಿತು. ಅವರು ಸ್ಟೂಲಿನಿಂದ ಇಳಿಯುವಾಗ ತೋಳು ಹಿಡಿದುಕೊಂಡೆ. ಹಿಡಿದದ್ದನ್ನು ಬಿಡಬೇಕೆಂದು ಸ್ವಲ್ಪ ಹೊತ್ತು ಹೊಳೆಯಲಿಲ್ಲ. ಕಣ್ಣಿಗೆ ಮರದ ಪುಡಿ ಬಿತ್ತು ಎಂದೆ. ಆ ಕೋಣೆಯಲ್ಲಿ ಮರದ ಪುಡಿ ಇರಲಿಲ್ಲ.

ಚಿಕ್ಕಪ್ಪ: ಇನ್ನು ಬಾಗಿಲಿನ ವಿಚಾರ. ಇವತ್ತಿಂದ ಅದು ನಿನ್ನದು.

ನಾನು: ನಿಜವಾಗ್ಲೂ?

ಚಿಕ್ಕಪ್ಪ: ನಿಜವಾಗ್ಲೂ. ಆದ್ರೆ ಇದ್ದಲ್ಲೇ ಇರುತ್ತೆ. ನೋಡಬೇಕು ಅನ್ನಿಸಿದಾಗ ಬಂದು ನೋಡ್ಕೊಂಡು ಹೋಗು.

ನಾನು: ಅಲ್ಲಿಂದ ಕದಲಿಸೋ ಹಾಗೇ ಇಲ್ವಾ?

ಚಿಕ್ಕಪ್ಪ: ಕದಲಬೇಕಾದವನು ನೀನು. ವರ್ಷಕ್ಕೆ ನಾಲ್ಕು ಸಲ.

ಮೂವತ್ತು ವರ್ಷದ ವ್ಯಾಪಾರದಲ್ಲಿ ಇಂಥ ಷರತ್ತಿಗೆ ನಾನು ಒಪ್ಪಿದವನಲ್ಲ. ತಲೆ ತಾನಾಗಿ ಆಡಿತು. ಅಷ್ಟರಲ್ಲಿ ದಾಖಲೆಯಮ್ಮ ಗಂಡನ ಮುಖ ನೋಡಿದರು. ಗಂಡ ಅವರ ಮುಖ ನೋಡಿದರು. ಆಮೇಲೆ ಇಬ್ಬರೂ ಸೇರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಕೆಡವಲಿರುವ ಮನೆಯ ಮುಂದೆ ನಿಂತಾಗ ನಾನು ನೋಡುವುದು ಹಾಗೆಯೇ.

ದಾಖಲೆಯಮ್ಮ: ಹಾಗಾದ್ರೆ ಇವರಿಗೂ ನಮ್ಮ ಜಿಲ್ಲೆಯಲ್ಲಿ ಒಂದು ಬಾಗಿಲಿದೆ. ನಮ್ಮವರೇ ಆದ್ರಲ್ಲ?

ಸಂಪಾದಕರು: ಆದ್ರು, ಆದ್ರು. ಅನುಮಾನವೇ ಇಲ್ಲ.

ದಾಖಲೆಯಮ್ಮ: ಬಾಗಿಲಿನವರೇ, ಫೋಟೋ ಇದೆಯಾ ನಿಮ್ಮ ಹತ್ತಿರ?

ನಾನು: ಯಾಕೆ?

ಸಂಪಾದಕರು: ನಮ್ಮತ್ತೆ ಒಬ್ಬರು, ಗಾರೆ ಮೇಸ್ತ್ರಿ ಒಬ್ಬ, ಹಳೇ ಪೋಸ್ಟ್‌ಮ್ಯಾನ್ ಒಬ್ಬ. ಮೂರಾಯ್ತು.

ನಾನು: ಅಯ್ಯಯ್ಯೋ, ನಾನಾಗಲ್ಲ! ಚಿಕ್ಕಪ್ಪನನ್ನೇ ಇನ್ನೊಂದ್ಸಲ ಹಾಕಿ. ಅವರಿಗೆ ಅಭ್ಯಾಸ ಇದೆ.

ಸಂಪಾದಕರು: ಒಬ್ಬರನ್ನೇ ಎರಡು ಸಲ ಸಾಯಿಸಿದ್ರೆ ಪತ್ರಿಕೆ ಮೇಲೆ ನಂಬಿಕೆ ಹೋಗುತ್ತೆ.

ನಾನು: ನೀವೇ ಹೋಗಿ ಮತ್ತೆ.

ಸಂಪಾದಕರು: ನಾನು ಸತ್ತೆ ಅಂತ ನಾನೇ ಬರೆದ್ರೆ ಓದೋರು ನಗಲ್ವಾ?

ನಾನು: ಅಮ್ಮನವರು?

ದಾಖಲೆಯಮ್ಮ: ನನ್ನನ್ನ ನಾನೇ ಪುಸ್ತಕದಲ್ಲಿ ಹುಡುಕಬೇಕಾಗುತ್ತೆ. ಸಿಗದೇ ಇದ್ರೆ ನನ್ನ ಹತ್ತಿರ ನಾನೇ ಜಗಳ ಆಡಬೇಕು.

ನಾನು: ನಮ್ಮೂರಿನ ಗಿರಾಕಿಗಳು ನೋಡಿದ್ರೆ ನನ್ನ ಗತಿ ಏನಮ್ಮಾ?

ಸಂಪಾದಕರು: ನಿಮ್ಮೂರಿಗೆ ನಮ್ಮ ಪೇಪರ್ ಬರಲ್ಲ.

ನಾನು: ಕೀಲು ಸುತ್ತಿಕೊಂಡು ಬಂದ್ರೆ?

ಚಿಕ್ಕಪ್ಪ ನಕ್ಕರು. ದಾಖಲೆಯಮ್ಮ ನಗಲಿಲ್ಲ. ಮೇಜಿನ ಖಾನೆ ಎಳೆದು ಒಂದು ಕಾಗದ ತೆಗೆದರು. ತೆಗೆದು ನೋಡಿ, ಮಡಿಸಿ, ಮತ್ತೆ ತೆಗೆದು ನೋಡಿ ಮಡಿಕೆಯೇ ಹರಿದಿತ್ತು. ಹಿಂದೆ ಅಂಟುಪಟ್ಟಿ ಹಚ್ಚಿದ್ದರು. ತಾಯಿಯ ಬಗ್ಗೆ ಐದು ಸಾಲು. ನಾಲ್ಕು ಸಾಲು ದುಂಡಕ್ಷರ. ಐದನೆಯದು ಮಾತ್ರ ಬೇರೆಯ ಕೈ: 'ಬಸ್ಸು ಇವರಿಗಾಗಿ ಕಾಯುತ್ತಿತ್ತು.'

ದಾಖಲೆಯಮ್ಮ: ಕೊನೆ ಸಾಲು ನಮ್ಮೆಜಮಾನ್ರು ಸೇರಿಸಿದ್ದು. ಇದು ಪೇಪರಲ್ಲಿ ಬಂದ ದಿನ ಬಸ್ಸಿನಲ್ಲಿ ಅಂಟಿಸ್ತೀನಿ ಅಂತ ಡ್ರೈವರ್ ಹೇಳಿದಾನೆ. ಅವನೂ ಕಾಯ್ತಿದಾನೆ.

ಅಡ್ಡಗೋಡೆಯ ಆ ಬದಿಯಲ್ಲಿ ಬೋಳುತಲೆ ತಗ್ಗಿತು. ನಾನು ಪರ್ಸಿನಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟೆ.

ನಾನು: ವಯಸ್ಸು ಐವತ್ತೆರಡು ಅಂತ ಹಾಕಿ.

ಸಂಪಾದಕರು: ನಿಜ ಎಷ್ಟು?

ನಾನು: ಸಾಯೋದೇ ಸುಳ್ಳು, ವಯಸ್ಸಿಗೆ ನಿಜ ಯಾಕೆ?

ಸಂಪಾದಕರು: ಆಯ್ತು. 'ಪ್ರಾಮಾಣಿಕ ವ್ಯಾಪಾರಿಯಾಗಿದ್ದ ಇವರು...'

ಚಿಕ್ಕಪ್ಪ: ಎರಡರಲ್ಲಿ ಒಂದು ಹಾಕು.

ಸಂಪಾದಕರು: 'ಅಪಾರ ಬಂಧುಬಳಗವನ್ನು ಅಗಲಿದ್ದಾರೆ.'

ಚಿಕ್ಕಪ್ಪ: ಅಗಲಿದ್ದು ಹನ್ನೊಂದು ವರ್ಷದ ಹಿಂದೆ. ಸತ್ತ ಮೇಲೆ ವಾಪಸ್ಸು ಬಂದಿದ್ದಾನೆ. ಸರಿಯಾಗಿ ಬರಿ.

ಗಿರಾಕಿಗೆ ಫೋನು ಮಾಡಿ ಬಾಗಿಲು ಮಾರಾಟಕ್ಕಿಲ್ಲ ಎಂದೆ. ಯಾಕೆ ಎಂದ. ಮಾಲೀಕರು ಬದುಕಿದ್ದಾರೆ ಎಂದೆ. ಶುಕ್ರವಾರದವರೆಗೆ ಚಿಕ್ಕಪ್ಪನ ಮನೆಯಲ್ಲೇ ಉಳಿದೆ. ಬಾಗಿಲನ್ನು ದಿನಕ್ಕೆ ಇಪ್ಪತ್ತು ಸಲ ತೆರೆದು ಮುಚ್ಚಿದೆ. ಹೊಸ ಕೀಲು ಒಂದಿಷ್ಟೂ ಸದ್ದು ಮಾಡಲಿಲ್ಲ.

ಶುಕ್ರವಾರ ಪತ್ರಿಕೆ ಬಂತು. ಮೇಲಿನ ಎಡಗಡೆಯ ಕಿಟಕಿಯಲ್ಲಿ ಆಕೆಯ ತಾಯಿ, ಕೆಳಗಿನ ಬಲಗಡೆಯಲ್ಲಿ ನಾನು. ದಾಖಲೆಯಮ್ಮ ಗಂಡನ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ, ಹವಾಮಾನವನ್ನೂ ಬಿಡದೆ ಜೋರಾಗಿ ಓದಿದರು. ಐದನೆಯ ಸಾಲಿಗೆ ಬಂದಾಗ ಮಾತ್ರ ಸ್ವರ ಇಳಿಯಿತು. ಸಂಪಾದಕರು ಅಡ್ಡಗೋಡೆಯ ಮೇಲಿನಿಂದ ಕರವಸ್ತ್ರ ಕೊಟ್ಟರು. ನಡುವೆ ನನ್ನನ್ನು ಯಾರೂ ಕರೆಯಲಿಲ್ಲ.

ಸಂಜೆ ಬಸ್ಸು ಹತ್ತುವಾಗ ಚಾಲಕ ಕನ್ನಡಿಯ ಪಕ್ಕದಲ್ಲಿ ಆ ಪುಟ ಅಂಟಿಸುತ್ತಿದ್ದ. ನನ್ನ ಮುಖ ನೋಡಿ, ಪುಟ ನೋಡಿ, ಟಿಕೆಟ್ ಕೇಳಬೇಕೋ ಬೇಡವೋ ಎಂದು ಅನುಮಾನಿಸಿದ. ದಾಖಲೆಯಮ್ಮ ಬಗಲಲ್ಲಿ ಪುಸ್ತಕ ಇಟ್ಟುಕೊಂಡು ಕಿಟಕಿಯ ಹತ್ತಿರ ಬಂದರು.

ದಾಖಲೆಯಮ್ಮ: ಬಾಗಿಲಿನವರೇ, ಪೇಪರಲ್ಲಿ ಸತ್ತರೆ ಸಾಲದು, ನೆನಪಿದೆ ತಾನೇ?

ನಾನು: ನಿಮ್ಮ ಪುಸ್ತಕದಲ್ಲೂ ಸಾಯಬೇಕು.

ದಾಖಲೆಯಮ್ಮ: ಹಾಂ. ಬೇರೆ ಜಿಲ್ಲೆಗೆ ಹೋಗಿ ಸಾಯಬೇಡಿ. ನಮ್ಮಲ್ಲಿ ಮೊದಲೇ ಜನ ಕಡಿಮೆ. ನಿಮಗೆ ಒಂದು ಸಾಲು ಹಿಡಿದಿಟ್ಟಿರ್ತೀನಿ.

ಚಾಲಕ ಎಂಜಿನ್ ಹಾಕಿ, ಆಕೆ ಮಾತು ಮುಗಿಸಲಿ ಎಂದು ಬಸ್ಸು ನಿಲ್ಲಿಸಿಕೊಂಡೇ ಇದ್ದ.

ದಾಖಲೆಯಮ್ಮನ ಪುಸ್ತಕಕ್ಕೆ ನಾನು ಒಂದು ಸಾವು ಕೊಡಬೇಕಾಗಿದೆ. ಅವಸರವೇನೂ ಇಲ್ಲ ಎಂದಿದ್ದಾರೆ.